ತಂತಿಯ ಹೊರಗೆ

ನೌಬಾದಿನ ತಿರುವಿನಲ್ಲಿ ಗೌಸೋದ್ದೀನನ ಅಂಗಡಿ:
ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು
ತಾಮ್ರ ತುಂಬುವವನು.
ನಮ್ಮ ಕಾಲೇಜಿನ ಪಂಪು ಇಲ್ಲಿಗೆ ಮೂರನೆಯ ಸಲ.
ವಾರ್ನಿಶ್ ಒಣಗುವತನಕ ನಾನು ಕುಂಟು ಸ್ಟೂಲಿನ ಮೇಲೆ,
ಮಡಿಲಲ್ಲಿ ನಾಳೆಯ ಪಾಠ.

“ಇದೇನ್ರಿ ಮೇಡಂ, ಬರೇ ಬಾಣ ಬರ್ದೀರಿ?”
ಶಕ್ತಿ ಹರಿಯುವ ದಾರಿ, ಅಂದೆ.
“ಎಲ್ಲಾ ತಂತಿ ಹೊರಗೇ ಅವಲಾ!”

ಹೌದು, ಹೊರಗೇ.
ಒಳಗೆ ಎಲೆಕ್ಟ್ರಾನು ನಿಂತಲ್ಲೇ ತುಯ್ದಾಡುತ್ತದೆ,
ಊರು ದಾಟುವ ಪೈಕಿಯಲ್ಲ ಅದು.
ಬಲಗೈ ಚಾಚಿ ತೋರಿಸಿದೆ:
ಬೆರಳು ವಿದ್ಯುತ್ ಕ್ಷೇತ್ರದತ್ತ,
ಮಡಚಿದರೆ ಕಾಂತಕ್ಷೇತ್ರದತ್ತ,
ಆಗ ಹೆಬ್ಬೆರಳು ನಿಂತದ್ದು ಶಕ್ತಿಯ ದಿಕ್ಕು.
ಸೆಕೆಂಡಿಗೆ ನೂರು ಸಲ
ಕ್ಷೇತ್ರಗಳೆರಡೂ ಒಟ್ಟಿಗೇ ಮಗುಚುತ್ತವೆ;
ಹೆಬ್ಬೆರಳು ಕದಲುವುದಿಲ್ಲ,
ನಿನ್ನ ಬಲ್ಬಿನ ಕಡೆಗೇ.

ಅವನೂ ಕೈ ಚಾಚಿದ.
ಅವನ ಹೆಬ್ಬೆರಳಿಗೆ ಉಗುರಿಲ್ಲ.
“ಹಂಗಾರ ತಂತಿ ಯಾಕ ಬೇಕ್ರಿ?
ನನ್ನ ಹೊಟ್ಟಿ ಮ್ಯಾಲ ಕಲ್ಲ ಹಾಕ್ತೀರಿ.”
ದಾರಿ ತೋರಲಿಕ್ಕೆ ಬೇಕಲ್ಲ, ಅಂದೆ.
ಒಂದಿಷ್ಟು ಬಾಣ ವಾಲಿ ತಂತಿಗೇ ಇಳಿದು
ಬಿಸಿಯಾಗುತ್ತದೆ.
ನಿನಗೆ ಗಿರಾಕಿ ಕಳಿಸುವುದು ಆ ಬಿಸಿಯೇ.

ನಕ್ಕ. ಆಮೇಲೆ ಸುಮ್ಮನಾದ.
ಹುಮನಾಬಾದಿನ ಹೊಲದಾಗ, ಹುಡುಗ ಇದ್ದಾಗ,
ದೊಡ್ಡ ಲೈನಿನ ಕೆಳಗ ಅಮಾಸಿ ರಾತ್ರಿ
ಕೆಟ್ಟ ಟ್ಯೂಬ್‌ಲೈಟ್ ಹಿಡಕೊಂಡು ನಿಂತಿದ್ದನಂತೆ.
“ಏನೂ ಹಚ್ಚಿದ್ದಿಲ್ರಿ. ಮಿಣಮಿಣ ಅಂತು.
ಅಪ್ಪನ ಮುಂದ ಹೇಳಿದರ ಬಡದ.”

ನಾನು ಅವನಿಗೆ ಹೇಳದೆ ಉಳಿದದ್ದು,
ಟಿಪ್ಪಣಿಯ ಅಂಚಿನಲ್ಲಿ ಪೆನ್ಸಿಲಿನ ಒಂದು ಸಾಲು:
ವಿದ್ಯುತ್ ತುಂಬಿದ ತಗಡಿನ ಪಕ್ಕ ಅಯಸ್ಕಾಂತವೊಂದನ್ನಿಟ್ಟು ಮರೆತುಬಿಟ್ಟರೂ
ಸೂತ್ರದ ಪ್ರಕಾರ
ಶಕ್ತಿ ಅಲ್ಲಿ ಸುತ್ತುತ್ತಲೇ ಇರುತ್ತದೆ,
ಎಲ್ಲಿಗೂ ಹೋಗದೆ, ಏನನ್ನೂ ಬೆಳಗದೆ.
ಬಾಣಗಳನ್ನು ಬೇರೆ ಬಗೆಯಾಗಿ ಬರೆದರೂ ನಡೆಯುತ್ತದೆ.
ಇಲ್ಲೇ ನೆಲದಡಿಯ ಕರೇಜಿನಂತೆ:
ಈ ಬಾವಿಬಾಯಿ ದಾಟಿದ್ದು
ಆ ಬಾವಿಬಾಯಲ್ಲಿ ಕಂಡಿತೆಂಬುದಷ್ಟೇ ಲೆಕ್ಕ,
ನಡುವಿನ ಕತ್ತಲು ನಮ್ಮ ಚಿತ್ರ.
ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ,
ಆ ಸಾಲಿಗೆ ಇನ್ನೂ ಶಾಯಿ ಹಾಕಿಲ್ಲ.

ಪಂಪು ಗುಂಯ್ ಎಂದಿತು.
ವೈರಿನಿಂದ ಗೇಣು ದೂರದಲ್ಲಿ
ಅಂಗೈ ಹಿಡಿದು ನಿಂತ ಗೌಸೋದ್ದೀನ,
ಒಲೆಯ ಮುಂದೆ ಹಿಡಿದ ಹಾಗೆ.
“ಇಲ್ಲೇ ಏನ್ರಿ?”
ಅಲ್ಲೇ.

ಬಿಲ್ಲು ಬರೆದ: ತಾಮ್ರ ಇಷ್ಟು ಗ್ರಾಂ, ಕೂಲಿ ಇಷ್ಟು.
ಹರಿದು ಕೊಡುತ್ತ ಅಂದ,
“ಹೊರಗಿಂದಕ್ಕ ರೊಕ್ಕ ಹಚ್ಚಿಲ್ರಿ.”