‘ಮಾಜಿ’ ಅನ್ನೋ ಎರಡು ಮೊಳಿ

ಗದಗಿನ ಸ್ಟೇಶನ್ ರೋಡಿನ್ಯಾಗ ನಮ್ಮ ಪ್ರೆಸ್ಸಿದ್ದಾಗ
ತೋಟಪ್ಪ ಹಾತಲಗೇರಿಯವರು ಇನ್ನೂ ಬರೇ ವಕೀಲರು.
ಸೈಕಲ್ ಗ್ವಾಡಿಗೆ ಆನಿಸಿ ಒಳಗ ಬಂದು
“ದಾದಾಪೀರ, ದಿಲ್ಲಿಗೆ ಹೋಗಬೇಕಂತ ಮಾಡೇನಿ,
ಹತ್ತು ಸಾವಿರ ಹ್ಯಾಂಡಬಿಲ್ಲಿಗೆ ಎಷ್ಟಾಕ್ಕೈತಿ?” ಅಂದ್ರು,
ಹುಬ್ಬಳ್ಳಿ ಬಸ್ಸಿನ ಚಾರ್ಜು ಕೇಳಿದಂಗ.

ನಾ ಮೊಳಿ ಜೋಡಸಾಂವ,
ಅಕ್ಷರ ತಲಿಕೆಳಗ ಇಟ್ಟು ಓದಾಂವ.
ಅವರ ಮೊದಲನೇ ಆಶ್ವಾಸನಿ
ಊರಾಗ ಎಲ್ಲಾರಿಗಿಂತ ಮೊದಲು ನಾ ಓದೇನಿ, ಹಂಗ.

ಕೆರೆಯ ಹೂಳು ತೆಗೆಯಲಾಗುವುದು.
ರೈಲು ಗೇಟಿಗೆ ಸೇತುವೆ ಕಟ್ಟಲಾಗುವುದು.
ಹೊಸಕಟ್ಟಿಯಲ್ಲಿ ಗಾಡಿ ನಿಲ್ಲಿಸಲಾಗುವುದು.
ಹನ್ನೆರಡನೇ ಸಾಲಿಗೆ ಕೇಸಿನ್ಯಾಗ ‘ಗು’ ತೀರಿತು.
ಬೆಟಗೇರಿ ಪ್ರೆಸ್ಸಿಗೆ ಹುಡುಗನ್ನ ಓಡಿಸಿ
ಒಂದು ಹಿಡಿ ‘ಗು’ ಕಡಾ ತರಿಸಿದ್ವಿ.
ಆರಿಸಿ ಬಂದ್ರು.

ಎರಡನೇ ಸಲ ನಾ ಶಾಣ್ಯಾ ಆದೆ.
‘ಲಾಗುವುದು’ ಇಪ್ಪತ್ತು ಜೋಡಿಸಿ, ನೂಲು ಸುತ್ತಿ
ಕಿಡಕಿ ಕಟ್ಟಿಮ್ಯಾಲೆ ಇಟ್ಟೆ. ಮುಂದ ಬಿಚ್ಚಲಿಲ್ಲ.
ಮಾರಿ ಬ್ಲಾಕೂ ಹಳೇದೇ. ಅದರಾಗ ಮೀಸಿ ಕರ್ರಗ,
ದಿಲ್ಲಿಯೊಳಗ ಬೆಳ್ಳಗಾಗಾಕ ಹತ್ತಿತ್ತು.

ನಡುವ ಬಂದ್ರ ಪ್ರೂಫ್ ಸ್ಟೂಲಿನ ಮ್ಯಾಲೆ ಕುಂಡ್ರವರು.
“ಕಟಕ ರೊಟ್ಟಿ ಒಂದು ಡಬ್ಬಿ ಒಯ್ದಿದ್ದೆ.
ರೊಟ್ಟಿ ತಡದ್ವು, ಸರಕಾರ ತಡೀಲಿಲ್ಲ.”
ಒಂಬತ್ತು ವರ್ಷದಾಗ ಅವರು ಎದ್ದು ಮಾತಾಡಿದ್ದು
ಒಟ್ಟು ನಲವತ್ತು ನಿಮಿಷ ಅಂತ ಪೇಪರಿನ್ಯಾಗ ಬಂದಿತ್ತು.
ಹೊಸಕಟ್ಟಿ ಪ್ರಶ್ನಿಗೆ ಸಿಕ್ಕ ಉತ್ತರ:
ವಿವರವನ್ನು ಸದನದ ಮೇಜಿನ ಮೇಲೆ ಇಡಲಾಗಿದೆ.
“ಎಂಥಾ ಮೇಜು ಅದು, ದಾದಾ!
ನಮ್ಮ ಜಿಲ್ಲಾ ಪೂರಾ ಅದರ ಮ್ಯಾಲೈತಿ,
ಕೆಳಗ ಇಳಿಸವರಿಲ್ಲ.”

ಮೂರನೇ ಸಲ ಸೋತ್ರು.
ಮರುವರ್ಷ ಹೊಸಕಟ್ಟಿಗೆ ಗಾಡಿ ನಿಂತಿತು, ಒಂದು ನಿಮಿಷ.
ಸಮಾರಂಭದ ಆಮಂತ್ರಣ ಜೋಡಿಸಿದಾಂವ ನಾನೇ.
ಹದಿನೇಳು ಹೆಸರು. ಅವರದಿರಲಿಲ್ಲ.
ಅಕ್ಷರ ಮಾತ್ರ ಎಲ್ಲಾ ಇದ್ದುವು,
‘ತೋ’ ಒಬ್ಬರ ತೋಂಟದಾರ್ಯಗೆ,
ಒತ್ತು ಇನ್ನೊಬ್ಬರ ಚೆನ್ನಪ್ಪಗೆ.

ಒಂದು ಸಂಜೀಕ ಟಾಂಗಾದಾಗ ಬಂದ್ರು.
ಹಳೇ ವಿಸಿಟಿಂಗ್ ಕಾರ್ಡ್ ಕಲ್ಲಿನ ಮ್ಯಾಲಿಟ್ಟು
“ಮುಂದ ‘ಮಾಜಿ’ ಸೇರಸು” ಅಂದ್ರು.
ಎರಡು ಮೊಳಿ. ಸಾಲಿನ್ಯಾಗ ಹಿಡೀವಲ್ಲವು.
“ಏನರ ತಗೀಬೇಕಾಕ್ಕೈತ್ರಿ, ಸಾಹೇಬ್ರ.”
ಚಸ್ಮಾ ಹಣಿಗೇರಿಸಿ ಬಾಳೊತ್ತು ನೋಡಿದ್ರು.
ಲೋಕಸಭಾ ಮ್ಯಾಲೆ ಬೆರಳಿಟ್ರು, ತಗದ್ರು.
“‘ಶ್ರೀ’ ತಗಿ.”
ಅಗಲ ಅಕ್ಷರ ಅದು. ಜಾಗ ಆತು.

ಆಮ್ಯಾಲೆ ಮೂರನೇ ಚುನಾವಣಿ ಬಾಕಿ,
ನಾ ಮರತಿದ್ದೆ, ಅವರು ಮರತಿರಲಿಲ್ಲ.
ನೋಟು ಎಣಿಸಿ, ಕಿಡಕಿಗೆ ಕೈ ಹಾಕಿ
ಆ ನೂಲು ಸುತ್ತಿದ ಗಂಟು ಎತ್ತಿದ್ರು.
“ಏನಿದು? ಇಷ್ಟು ವಜ್ಜ?”
“ಸೀಸ ರೀ” ಅಂದೆ. ಬ್ಯಾರೆ ಏನನ್ಲಿ.

ಹೊರಗ ಟಾಂಗಾದಾಂವ ಹೋಗಿಬರೂದಕ್ಕ
ಎಂಟಾಣೆ ಜಾಸ್ತಿ ಕೇಳಿದ.
ಅದಕ್ಕ ಅವರು ಜಗಳಕ್ಕ ನಿಂತ್ರು, ದನಿ ಏರಿಸಿ,
ನಿಯಮ, ನ್ಯಾಯ, ಬಡವರ ಹಕ್ಕು ಎಲ್ಲಾ ಹೇಳಿ.
ಟ್ರೆಡಲ್ ನಿಲ್ಲಿಸಿ ಕೇಳಿದೆ.
ಆ ನಲವತ್ತು ನಿಮಿಷ
ಹಿಂಗ ಇದ್ದಿರಬೇಕು.