ಮೊಟ್ಟೆಯಾಕಾರದ ಮೋರಿ

ಮಡಿಕೇರಿ ಕಚೇರಿಗೆ ಬಂದ ನಕಾಶೆಯಲ್ಲಿ
ಮೋರಿಯ ಅಡ್ಡಕೊಯ್ತ ಮೊಟ್ಟೆಯ ಹಾಗಿತ್ತು,
ಚೂಪು ತುದಿ ಕೆಳಗೆ.
ಸಾಹೇಬ ಹೇಳಿದ, ನಾನು ಕನ್ನಡಿಸಿದೆ:
'ನೀರು ಕಡಿಮೆಯಿದ್ದಾಗಲೂ ಕೊಳೆ ನಿಲ್ಲದು.'

ಕಲ್ಲುಕುಟಿಗ ಐತಪ್ಪ ನಕ್ಕ:
'ನೀರು ಕಡಿಮೆಯೆ? ಇಲ್ಲಿಯೆ?
ಅವರಿನ್ನೂ ಕಕ್ಕಡ ಕಂಡವರಲ್ಲ, ಸ್ವಾಮಿ.'
ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ನನ್ನದು ದಫ್ತರು:
ಮಹದೇವಪೇಟೆ, ಕಕ್ಕಸು ಹದಿನೇಳು,
ಬಾವಿಗೆ ಎಷ್ಟು ಗಜ ದೂರ,
ವಾಂತಿಭೇದಿಗೆ ಹೋದವರು ಎಷ್ಟು.
ಎಲ್ಲಕ್ಕೂ ಒಂದೇ ಶಾಯಿ.

ಪೆಂಟಯ್ಯನನ್ನು ಕಡಪದ ಕಡೆಯಿಂದ ಕರೆಸಿದ್ದರು,
ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೊಂದು ಕಂಬಳಿ.
ಹಿಂದಿನ ಕೂಸುಗಳು ಉಳಿಯದೆ, ಇವನಾದರೂ ಬದುಕಲೆಂದು
ತಾಯಿ ತಿಪ್ಪೆಯಲ್ಲಿ ಮಲಗಿಸಿ ಎತ್ತಿಕೊಂಡಳಂತೆ.
ಹೆಸರೂ ಅಲ್ಲಿಂದಲೇ.
'ಪೂರಾ ಎತ್ತಿಕೊಳ್ಳಲಿಲ್ಲ ನೋಡಿ' ಎಂದ
ಬುಟ್ಟಿ ತಲೆಗೇರಿಸುತ್ತ.
ನಾನು ಮೂಗಿಗೆ ಅಂಗವಸ್ತ್ರ ಹಿಡಿದಿದ್ದೆ.

ಕಕ್ಕಡ ಬಂತು. ಹನ್ನೊಂದು ದಿನ ಬಿಡಲಿಲ್ಲ.
ಮೊಟ್ಟೆ ಒಡೆಯಿತು.
ಗುಡ್ಡದ ಮೇಲಿನವರದೆಲ್ಲ ಇಳಿದು ಹೋಯಿತು
ಕೆಳಗಿನ ಗದ್ದೆಗೆ, ನಾಟಿಯವರ ಮೊಣಕಾಲಿಗೆ.
ಪೇಟೆ ಮಾತ್ರ ಬೆಳಗಿಟ್ಟ ಕಂಚು.

ಸಾಹೇಬ ಬರೆಸಿದ: 'ಊರು ಶುಚಿಯಾಗಿದೆ.'
ಸುಳ್ಳಲ್ಲ, ಬರೆದೆ.
ಗದ್ದೆಗಳಿಗೆ ನನ್ನ ದಫ್ತರಿನಲ್ಲಿ ಪುಟವಿಲ್ಲ.

ಇವತ್ತು ಮೇಲಿನಿಂದ ಒಂದು ಟಿಪ್ಪಣಿ:
ಆ ಹನ್ನೊಂದು ದಿನ
ಪೆಂಟಯ್ಯನ ಕೆಲಸ ಮಳೆಯೇ ಮಾಡಿತಲ್ಲ,
ಸಂಬಳ ಹಿಡಿಯಬಹುದೆ?

ಅವನ ಕಂಬಳಿ ಕಚೇರಿಯ ಜಗಲಿಯಲ್ಲಿ
ಇನ್ನೂ ತೊಟ್ಟಿಕ್ಕುತ್ತಿದೆ.
ಉತ್ತರ ತಡವಾದದ್ದಕ್ಕೆ ಕಾರಣ ಕೇಳಿದರೆ
ಹೇಳುತ್ತೇನೆ:
ಈ ಊರಲ್ಲಿ ಶಾಯಿ ಒಣಗಲೂ
ಮೂರು ದಿನ ಬೇಕು.