ಹತ್ತರಲ್ಲೊಂದು

ಜೂನ್ ಮೂವತ್ತು. ಡೆವಿಲ್ಸ್ ಲೇಕಿನ ಸೂರ್ಯನಿಗೆ ಮುಳುಗುವ ಆತುರವಿಲ್ಲ.
ಒಂಬತ್ತೂವರೆಯಾದರೂ ಕಾಲೇಜಿನ ಖಾಲಿ ಪಾರ್ಕಿಂಗಿನ ಮೇಲೆ
ಬೆಳಕು ಬಿದ್ದುಕೊಂಡೇ ಇದೆ,
ಯಾರೂ ಬಂದು ಸಹಿ ಹಾಕಿ ಒಯ್ಯದ ಚೆಕ್ಕಿನ ಹಾಗೆ.

ನನ್ನ ವರ್ಷ ಮುಗಿಯುವುದು ಇವತ್ತು.
ಪಟಾಕಿ ಹೊಡೆಯುವವರಿದ್ದಾರೆ, ಇನ್ನು ನಾಲ್ಕು ದಿನಕ್ಕೆ, ಬೇರೆ ಕಾರಣಕ್ಕೆ.

ವಾಷಿಂಗ್ಟನ್ನಿನಿಂದ ಬಂದದ್ದು ಮೂವತ್ತೊಂದು ಸಾವಿರದ ನಾನ್ನೂರು ಡಾಲರು.
ಹಂಚಿ, ಮತ್ತೆ ಹಂಚಿ, ಬಿಟ್ಟುಹೋದವರ ಪಾಲು ವಾಪಸು ಜಮಾ ಮಾಡಿ
ತಳದಲ್ಲಿ ನಿಂತದ್ದು ಮೂರು ಸಾವಿರದ ಐನೂರ ಹದಿನೆಂಟು.
ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ಗೆರೆ ದಾಟಿಸಬಹುದು,
ಅಷ್ಟಕ್ಕೆ ಅಪ್ಪಣೆಯಿದೆ.
ಮಿಕ್ಕ ಮುನ್ನೂರ ಎಪ್ಪತ್ತೆಂಟು
ಬಂದ ದಾರಿಗೆ ಸುಂಕವಿಲ್ಲವೆಂದು ಬಾಗಿಲಲ್ಲಿ ನಿಂತಿತ್ತು.

ನಾಲ್ಕೂವರೆಗೆ ಕಿಟಕಿಗೆ ಬಂದವಳು ಡೆಲ್ಫೀನ್ ಅಜೂರ್,
ಬೆಲ್ಕೋರ್ಟಿನಿಂದ, ಎಂಬತ್ತು ಚಿಲ್ಲರೆ ಮೈಲಿ.
ಸೊಂಟದ ಮೇಲೆ ಮಗು, ಮಗುವಿನ ಬಾಯಲ್ಲಿ ಕಾರಿನ ಕೀ.
ವೆಲ್ಡಿಂಗ್ ಕಲಿಯುತ್ತಾಳೆ. ಮಾರ್ಚಿನಲ್ಲಿ ಬಿಟ್ಟಿದ್ದಳು, ಈಗ ಮತ್ತೆ.
ಬೇಸಿಗೆ ತರಗತಿಯ ಒಂದು ಕಾಲು ಜೂನಿನಲ್ಲಿ, ಇನ್ನೊಂದು ಆಗಸ್ಟಿನಲ್ಲಿ;
ಇಂಥದನ್ನು ಎರಡರಲ್ಲಿ ಯಾವ ವರ್ಷದ ಖಾತೆಗಾದರೂ ಬರೆದುಕೊ
ಎನ್ನುತ್ತದೆ ಕೈಪಿಡಿ.
ಅದರ ಗಂಟಿಕ್ಕಿದ ಹುಬ್ಬು ಸಡಿಲುವುದು ಅಲ್ಲೊಂದೇ ಕಡೆ.

"ಇದು ಯಾವ ವರ್ಷದ್ದು?" ಅಂದಳು ಕಾಗದ ನೋಡಿ.
ಮುಗೀತಾ ಇರೋದರದ್ದು, ಅಂದೆ.
"ಆ ವರ್ಷ ಅರ್ಧಕ್ಕೇ ಬಿಟ್ಟು ಹೋಗಿದ್ದೆನಲ್ಲ ನಾನು."
ನೀನಿರಲಿಲ್ಲ, ದುಡ್ಡಿತ್ತು,
ಎನ್ನಬೇಕೆಂದುಕೊಂಡೆ. ಅನ್ನಲಿಲ್ಲ.
ಇಲ್ಲಿ ಸಹಿ, ಇಲ್ಲಿ ತಾರೀಕು, ಅಂದೆ.
ಮಗು ಕೀ ಉದುರಿಸಿತು. ಎತ್ತಲು ಬಗ್ಗಿದವಳ ತೋಳಿನ ಮೇಲೆ
ಕಿಡಿ ಸುಟ್ಟ ಸಣ್ಣ ಸಣ್ಣ ಚುಕ್ಕೆ:
ಮಾರ್ಚಿಗಿಂತ ಹಳೆಯವು ಕೆಲವು, ಇನ್ನೂ ಕೆಂಪಗಿದ್ದವು ಕೆಲವು.

ಮೂರು ಸಾವಿರದ ನೂರ ನಲವತ್ತನ್ನು ಈಗ ಮುಂದಕ್ಕೆ ಎಳೆದು ಬರೆದಿದ್ದೇನೆ.
ಯಾರಿಗೆಂದು ಗೊತ್ತಿಲ್ಲ. ಹೆದ್ದಾರಿಯ ಬದಿಗೆ ಬರ್ಗರ್ ಮಗುಚುತ್ತಾ
ಕಾಲೇಜಿನ ಯೋಚನೆಯೇ ಇಲ್ಲದೆ ನಿಂತಿರುವ ಯಾರಿಗೋ ಇರಬೇಕು.

ನನ್ನ ರಜೆಯಲ್ಲಿ ಹನ್ನೊಂದು ದಿನ ಮಿಕ್ಕಿವೆ.
ಅವಕ್ಕೆ ಹತ್ತರಲ್ಲೊಂದರ ರಿಯಾಯಿತಿಯೂ ಇಲ್ಲ,
ರಾತ್ರಿ ಹನ್ನೆರಡಕ್ಕೆ ಹೋಗುತ್ತವೆ.

"ಮನೆಗೆ ಹೋಗೋದಿಲ್ವಾ ವರ್ನಾ?" ಬೀಗದ ಗೊಂಚಲು ಅಲ್ಲಾಡಿಸುತ್ತಾ
ಕೇಳಿದ ಕಾವಲಿನ ಆರ್ವಿಡ್.
ಇನ್ನೂ ಬೆಳಕಿದೆಯಲ್ಲ, ಅಂದೆ.